ಕಂಬಳಿ ಮೇಲೆ ಕಾಫಿ ಹಣ್ಣು

ನಮ್ಮ ಬಾಳೆಹೊನ್ನೂರು ಕಡೆ ಯಾರಾದರೂ ಕುಡಿಯುತ್ತಾರೆ ಅಂದರೆ, "ಒಳ್ಳೆ ಮನುಷ್ಯ, ಅದೊಂದು ಕೆಟ್ಟ ಅಭ್ಯಾಸ ಅಷ್ಟೇ" ಅನ್ನುತ್ತೇವೆ. ಚಿಕ್ಕಪ್ಪನ ಬಗ್ಗೆ ನಾನೂ ಹಾಗೇ ಹೇಳಿಕೊಂಡು ಬಂದವಳು. ಅಭ್ಯಾಸ ತಾನೇ, ಮನಸ್ಸು ಮಾಡಿದರೆ ಬಿಡಬಹುದಲ್ವಾ?

ಹೋದ ವರ್ಷ ಕೊಯ್ಲಿಗೆ ಮುಂಚೆ ದೇವರ ಮುಂದೆ ಆಣೆ ಮಾಡಿಸಿದೆವು. ಇಪ್ಪತ್ತು ವರ್ಷ ದಿನಾ ಕುಡಿದವರು ಅವತ್ತೇ ನಿಲ್ಲಿಸಿದರು. ಮಾತಿಗೆ ತಪ್ಪಲಿಲ್ಲ.

ಮಾರನೇ ದಿನ ಕೈ ನಡುಗಲು ಶುರುವಾಯಿತು. ಲೋಟದ ಮಜ್ಜಿಗೆ ಅರ್ಧ ಪಂಚೆ ಮೇಲೆ. ಮೂರನೇ ರಾತ್ರಿ ನೋಡಿದರೆ ಎದ್ದು ಕೂತಿದ್ದಾರೆ, ಕಂಬಳಿಯಿಂದ ಏನೋ ಕೀಳುತ್ತಿದ್ದಾರೆ. ಹೆಬ್ಬೆರಳು, ತೋರುಬೆರಳು ಸೇರಿಸಿ, ಒಂದೊಂದೇ, ಮೆಲ್ಲಗೆ ತಿರುಚಿ. ಕಾಫಿ ಹಣ್ಣು ಬಿಡಿಸುವುದು ಹಾಗೇ. "ಬುಟ್ಟಿ ಎಲ್ಲಿಟ್ಟೆ ಮಗಾ?" ಅಂದರು. ಮೈ ಸುಡುತ್ತಿತ್ತು. ಚಿಕ್ಕಮಗಳೂರಿಗೆ ಹೊರಟ ಜೀಪಿನಲ್ಲಿ, ಆಲ್ದೂರು ದಾಟಿದರೂ ಆ ಬೆರಳು ನಿಲ್ಲಲಿಲ್ಲ.

ಡಾಕ್ಟರ್ ಬಿಡಿಸಿ ಹೇಳಿದರು. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ತಾನೇ ಜಾಸ್ತಿ ಚುರುಕಾಗಿ ನಿಲ್ಲುತ್ತದೆ. ಮದ್ಯ ತಟ್ಟನೆ ನಿಂತರೆ ಆ ಚುರುಕಿಗೆ ಕಡಿವಾಣ ಇರುವುದಿಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಂಥ ಭ್ರಮೆ. ಜೀವವೇ ಹೋಗಬಹುದು. ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ಮೆಲ್ಲಗೆ ಇಳಿಸಬೇಕಿತ್ತು. ನಾವು ಆಣೆ ಮಾಡಿಸಿದ್ದೆವು.

ಕಾಫಿ ಬಿಟ್ಟರೂ ತೊಂದರೆ ಆಗುತ್ತಲ್ಲ ಅನ್ನಬಹುದು. ನಿಜ. ಹೊಟ್ಟೆ ಉರಿ ಅಂತ ನಾನು ಬಿಟ್ಟಾಗ ಮಾರನೇ ದಿನವೇ ತಲೆ ಸಿಡಿಯುತ್ತಿತ್ತು. ವಾರದೊಳಗೆ ಸರಿಹೋಯಿತು. ಆದರೆ ಕಾಫಿಗಾಗಿ ನಾನು ಯಾರ ಹತ್ತಿರವೂ ಸುಳ್ಳು ಹೇಳಿಲ್ಲ. ಚಿಕ್ಕಪ್ಪ ಪಂಪ್‌ಹೌಸಿನಲ್ಲಿ ಬಾಟಲಿ ಬಚ್ಚಿಡುತ್ತಿದ್ದರು. ಬಳ್ಳಿಯಲ್ಲಿರುವ ಮೆಣಸಿಗೇ ಮುಂಗಡ ತಂದು ಕುಡಿದಿದ್ದರು. ಮನೆ ಮುಳುಗುವುದು ಕಣ್ಣಿಗೆ ಕಾಣುತ್ತಿತ್ತು, ಅತ್ತಿದ್ದೂ ಇದೆ, ಆದರೂ ಸಂಜೆಯಾದರೆ ಕಾಲು ಅತ್ತಲೇ. ಅದಕ್ಕೆ ಅಭ್ಯಾಸ ಅನ್ನುವ ಹೆಸರು ಸಾಲದು. ಅದು ಕಾಯಿಲೆ. ಆ ಒಂದು ಪದ ತಪ್ಪಾಗಿ ಬಳಸಿದ್ದಕ್ಕೆ ನಾವು ಅವರನ್ನು ಕಳೆದುಕೊಳ್ಳುವುದರಲ್ಲಿದ್ದೆವು.

ಈಗ ಅವರು ಚಿಕಿತ್ಸೆಯಲ್ಲಿದ್ದಾರೆ. ನಡುವೆ ಒಮ್ಮೆ ಮತ್ತೆ ಕುಡಿದರು, ಮತ್ತೆ ಆಸ್ಪತ್ರೆಗೆ ಹೋದೆವು.

ಮೊನ್ನೆ ಪಕ್ಕದ ಮನೆಯಾಕೆ ಬಂದಿದ್ದರು, ಗಂಡನಿಗೆ ಆಣೆ ಮಾಡಿಸಬೇಕು ಅಂತ. ಬೇಡ, ಮೊದಲು ಡಾಕ್ಟರ್ ಹತ್ತಿರ ಹೋಗೋಣ ಅಂದೆ. ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ನಾಳೆ ಅವರ ಗಂಡನ ಜೊತೆ ಚಿಕ್ಕಮಗಳೂರಿಗೆ ಹೋಗುತ್ತಿರುವುದು ನಮ್ಮ ಚಿಕ್ಕಪ್ಪನೇ.