ಬ್ಲೆಂಡರ್‌ನಲ್ಲಿ ಒಂದು ಲೇಬರ್ ರೂಮು

ಹೆರಿಗೆ ಕೋಣೆದು ತ್ರೀಡಿ ಮಾಡೆಲ್ ಅಂತ ನೆಟ್ಟಲ್ಲಿ ಹುಡುಕಿ ನೋಡಿ, ಸಿಗೋದೆಲ್ಲ ಅಮೆರಿಕದ ರೂಮು. ಮರದ ಪ್ಯಾನೆಲ್ಲು, ಗಂಡ ಮಲ್ಗಕ್ಕೆ ಸೋಫಾ, ಗೋಡೆಗೆ ಟಿವಿ, ಬಟನ್ ಒತ್ತಿದ್ರೆ ಮಡಚ್ಕೊಳ್ಳೋ ಬೆಡ್ಡು. ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ, ಆದ್ರೆ ಹೊಸನಗರನೋ ತೀರ್ಥಹಳ್ಳಿನೋ ಯಾವ್ದಾದ್ರೂ ತಾಲೂಕು ಆಸ್ಪತ್ರೆಲಿ ಡ್ಯೂಟಿಗೆ ಹೋಗೋ ನರ್ಸಿಂಗ್ ಹುಡ್ಗಿಗೆ ಅದನ್ನ ತೋರಿಸಿ ಎಂತ ಪ್ರಯೋಜನ ಮಾರಾಯ್ರೆ. ಆಕ್ಸಿಜನ್ ಸಿಲಿಂಡರ್ ಬಣ್ಣನೇ ಬೇರೆ, ಅಲ್ಲಿ ಹಸಿರು, ನಮ್ಮಲ್ಲಿ ಕಪ್ಪು ಮೈ ಬಿಳಿ ಹೆಗಲು.

ನಾನು ಶಿವಮೊಗ್ಗದಲ್ಲಿ ಕೂತು ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರಲ್ಲಿ ಮನೆ ಇಂಟೀರಿಯರ್ ಚಿತ್ರ ರೆಂಡರ್ ಮಾಡೋನು. ಮಾಡ್ಯುಲರ್ ಕಿಚನ್ನು, ಪೂಜೆ ಕೋಣೆ, ಅಡಿಕೆ ದುಡ್ಡು ಬಂದ ವರ್ಷ ದೊಡ್ಡ ಹಾಲು, ಇದೇ ಕೆಲಸ. ಈ ಸಲ ನರ್ಸಿಂಗ್ ಓದೋರು ಫೋನಲ್ಲೇ ಒಳಗೆ ಓಡಾಡಿ ಯಾವ ಸಾಮಾನು ಎಲ್ಲಿರತ್ತೆ ಅಂತ ಕಲ್ತ್ಕೊಳ್ಳೋ ಥರ ಒಂದು ಲೇಬರ್ ರೂಮ್ ಬೇಕು ಅಂತ ಪರಿಚಯದೋರು ಕೇಳಿದ್ರು. ಒಳಗೆ ಹೋಗಿ ಫೋಟೋ ತೆಗೆಯೋದು ಆಗೋ ಮಾತಲ್ಲ, ಆಗ್ಲೂ ಬಾರ್ದು. ಹಂಗಾಗಿ ನಾನು ಹಿಡ್ಕೊಂಡಿದ್ದು ನಮ್ಮ ಚಿಕ್ಕಮ್ಮನ್ನ. ಸರ್ವೀಸೆಲ್ಲ ಹೆರಿಗೆ ವಾರ್ಡಲ್ಲೇ ಕಳ್ದು ಈಗ ರಿಟೈರ್ ಆಗಿರೋ ಸ್ಟಾಫ್ ನರ್ಸು.

ರೂಮಿನ ನಕ್ಷೆ ಬಿಡ್ಸಿಕೊಡಿ ಅಂತ ಪೇಪರ್ ಕೊಟ್ರೆ ಅವರು ಗೋಡೆ ಗೀಚಲೇ ಇಲ್ಲ. ಮೊದ್ಲು ಹೆರಿಗೆ ಟೇಬಲ್ಲು, ಅದರ ಕಾಲ್ಕಡೆಗೆ ತಾನು ನಿಂತ್ಕೊಳ್ಳೋ ಜಾಗ ಒಂದು ಚುಕ್ಕೆ, ಆ ಚುಕ್ಕೆಯಿಂದ ಎರಡ್ಮೂರು ಹೆಜ್ಜೆಲಿ ಮಗುನ ಬೆಚ್ಚಗಿಡೋ ವಾರ್ಮರ್ರು, ಬಲಗೈಗೆ ಟ್ರೇ ಇಡೋ ಟ್ರಾಲಿ. ಗೋಡೆ ಎಲ್ಲಿ ಅಂದ್ರೆ "ಅದು ಎಲ್ಲಾದ್ರೂ ಹಾಕ್ಕೊ" ಅಂದ್ರು. ನಾವು ಇಂಟೀರಿಯರ್ ಮಂದಿ ಗೋಡೆಯಿಂದ ಒಳಗೆ ಬರ್ತೀವಿ, ಅವರು ಕೈಯಿಂದ ಹೊರಗೆ ಹೋಗ್ತಾರೆ. ಕೊನೆಗೆ ಇಡೀ ಮಾಡೆಲ್ ನಿಂತಿದ್ದು ಆ ಚುಕ್ಕೆ ಮೇಲೇನೆ.

ಯಾಕಂದ್ರೆ ಅಲ್ಲಿ ಎಲ್ಲದಕ್ಕೂ ನಿಮಿಷದ ಲೆಕ್ಕ. ಹುಟ್ಟಿದ ಮಗು ಅಳ್ಳಿಲ್ಲ, ಒರೆಸಿ ಬೆನ್ನು ತಿಕ್ಕಿದ್ರೂ ಉಸಿರು ತಗೊಳ್ಳಿಲ್ಲ ಅಂದ್ರೆ ಮೊದಲ ಒಂದು ನಿಮಿಷದೊಳಗೆ ಕೈಯಲ್ಲಿ ಒತ್ತೋ ಬ್ಯಾಗ್ ಮಾಸ್ಕಲ್ಲಿ ಗಾಳಿ ಕೊಡಕ್ಕೆ ಶುರು ಮಾಡ್ಬೇಕು. ಅದೇ ನಿಮಿಷದಲ್ಲಿ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಚುಚ್ಚಬೇಕು, ರಕ್ತಸ್ರಾವ ಜಾಸ್ತಿ ಆಗ್ಬಾರ್ದು ಅಂತ. ಬ್ಯಾಗು ಬೀರುಲಿ, ಬೀರು ಕೀ ಇನ್ಯಾರದೋ ಜೇಬಲ್ಲಿ ಅಂದ್ರೆ ಕತೆ ಮುಗೀತು. ವಾರ್ಮರ್ ಮಗು ಬಂದ್ಮೇಲೆ ಆನ್ ಮಾಡೋದಲ್ಲ, ಮೊದ್ಲೇ ಬಿಸಿ ಇರ್ಬೇಕು, ಟವೆಲ್ಲೂ ಅದರಡಿ ಬಿಸಿ ಆಗ್ತಿರ್ಬೇಕು, ಹಂಗಾಗಿ ಮಾಡೆಲ್ಲಲ್ಲಿ ಅದರ ಕೆಂಪು ಲೈಟು ಯಾವಾಗ್ಲೂ ಉರೀತಾನೇ ಇರತ್ತೆ. ಫ್ಯಾನ್ ಇದೆ, ಆದ್ರೆ ವಾರ್ಮರ್ ತಲೆ ಮೇಲಿಲ್ಲ. ರೂಮು 25ರಿಂದ 28 ಡಿಗ್ರಿ ಇರ್ಬೇಕು ಅನ್ನೋದು ನಿಯಮ, ಆಗುಂಬೆ ಕಡೆ ಜುಲೈ ರಾತ್ರಿಲಿ ಹೆರಿಗೆ ಮಾಡ್ಸಿದೋರಿಗೆ ಅದೆಷ್ಟು ಕಷ್ಟ ಅಂತ ಗೊತ್ತಿರತ್ತೆ. ಆಕ್ಸಿಟೋಸಿನ್ ಮತ್ತೆ ಉಲ್ಟಾ, 2ರಿಂದ 8 ಡಿಗ್ರಿ, ಫ್ರಿಜ್ಜಲ್ಲೇ. ಮಳೆಗಾಲದಲ್ಲಿ ಕರೆಂಟಿನ ಹಣೆಬರಹ ನಿಮಗೇ ಗೊತ್ತು, ಅದಕ್ಕೆ ಮೂಲೆಲಿ ಇನ್ವರ್ಟರ್ ಬ್ಯಾಟರಿನೂ ಮಾಡ್ಲಿಕ್ಕಾಯ್ತು, ನೋಡಕ್ಕೆ ದರಿದ್ರ, ಆದ್ರೆ ಬೇಕು.

ಟ್ರೇಗಳು ಏಳು. ಹೆರಿಗೆ ಟ್ರೇ, ಎಪಿಸಿಯೋಟಮಿ (ಹೆರಿಗೆ ದಾರಿ ಅಗಲ ಮಾಡಕ್ಕೆ ಕೊಯ್ಯೋದು) ಟ್ರೇ, ಬೇಬಿ ಟ್ರೇ, ಮೆಡಿಸಿನ್ ಟ್ರೇ, ಎಮರ್ಜೆನ್ಸಿ ಡ್ರಗ್ ಟ್ರೇ, ಎಂವಿಎ (ಕೈ ಪಂಪಲ್ಲಿ ಗರ್ಭಕೋಶ ಖಾಲಿ ಮಾಡೋದು) ಟ್ರೇ, ಪಿಪಿಐಯುಸಿಡಿ (ಹೆರಿಗೆ ಆದ್ಮೇಲೆ ಹಾಕೋ ವಂಕಿ) ಟ್ರೇ. ಸರ್ಕಾರಿ ಆಸ್ಪತ್ರೆ ಲೇಬರ್ ರೂಮಿಗೆ ಇದೇ ಪಟ್ಟಿ, 2017ರಲ್ಲಿ ಲೇಬರ್ ರೂಮಿನ ಗುಣಮಟ್ಟ ಸುಧಾರಿಸೋ ಕೇಂದ್ರದ ಲಕ್ಷ್ಯ ಕಾರ್ಯಕ್ರಮ ಬಂದ್ಮೇಲೆ ಇದನ್ನ ಇನ್ನೂ ಬಿಗಿಯಾಗಿ ನೋಡ್ತಾರೆ. ಕತ್ತರಿ, ಆರ್ಟರಿ ಫೋರ್ಸೆಪ್ಸು, ಹೊಕ್ಕುಳಬಳ್ಳಿಗೆ ಹಾಕೋ ಕಾರ್ಡ್ ಕ್ಲ್ಯಾಂಪು ಎಲ್ಲ ಒಂದೊಂದಾಗಿ ಮಾಡೆಲ್ ಮಾಡಿದೀನಿ. ಲೋ ಪಾಲಿ, ಅಂದ್ರೆ ಕಮ್ಮಿ ಮುಖಗಳ ಹಗುರ ಮಾಡೆಲ್ ಸಾಕು, ಫೋನಲ್ಲಿ ಓಡ್ಬೇಕಲ್ಲ, ಗೀಟು ಗೆರೆ ಎಲ್ಲ ನಾರ್ಮಲ್ ಮ್ಯಾಪಲ್ಲಿ, ಅಂದ್ರೆ ಉಬ್ಬುತಗ್ಗು ಇದ್ದಂಗೆ ತೋರಿಸೋ ಚಿತ್ರದಲ್ಲಿ, ಬೇಕ್ ಮಾಡಿದ್ರೆ ಆಯ್ತು.

ನಂಗೆ ಜಾಸ್ತಿ ಮಜಾ ಕೊಟ್ಟಿದ್ದು ಮಾತ್ರ ಟೇಬಲ್ಲು. ಕೆಳಭಾಗದಲ್ಲಿ ಅರ್ಧಚಂದ್ರ ಕತ್ತರಿಸಿರೋ ರೆಕ್ಸಿನ್ ಹಾಸಿಗೆ, ಅದರ ಕೆಳಗೆ ಸ್ಟೀಲ್ ಬೇಸಿನ್ನು, ಎರಡೂ ಕಡೆ ಕಾಲಿಡೋ ಕಂಬ. ಸ್ಟೀಲು ಅಂದ್ರೆ ಮೆಟಾಲಿಕ್ 1 ಕೊಟ್ಟು ರಫ್‌ನೆಸ್ ಕಮ್ಮಿ ಮಾಡಿ ಫಳಫಳ ಹೊಳೆಯೋ ಹಂಗೆ ಬಿಡ್ತಾರೆ ಎಲ್ರೂ. ನಿಜವಾದ ಲೇಬರ್ ರೂಮ್ ಸ್ಟೀಲ್ ಹಂಗಿರಲ್ಲ. ದಿನಾ 0.5 ಪರ್ಸೆಂಟ್ ಕ್ಲೋರಿನ್ ನೀರಲ್ಲಿ ಒರೆಸಿ ಒರೆಸಿ ಅದರ ಮೈ ಮಂಕಾಗಿರತ್ತೆ, ಬಟ್ಟೆ ತಿರುಗಿದ ದಿಕ್ಕಿಗೆ ಸಣ್ಣ ಸಣ್ಣ ಗೀರು, ವೆಲ್ಡಿಂಗ್ ಸಂದಿಲಿ ಸಾಸಿವೆ ಕಾಳಷ್ಟಷ್ಟು ತುಕ್ಕಿನ ಚುಕ್ಕಿ. ಕ್ಲೋರಿನ್ನಿಗೆ ಸ್ಟೇನ್‌ಲೆಸ್ಸೂ ನಿಲ್ಲಲ್ಲ. ರೆಕ್ಸಿನ್ನು ಅಂಚಲ್ಲಿ ಹೊಲಿಗೆ ಬಿಟ್ಟಿರತ್ತೆ, ನೋವು ತಡೀಲಾರ್ದೆ ಹೆಂಗಸ್ರು ಗಟ್ಟಿಯಾಗಿ ಹಿಡ್ಕೊಳ್ಳೋ ಪಕ್ಕದ ಸರಳಿನ ಪೇಂಟು ಒಂದು ಅಂಗೈ ಅಗಲಕ್ಕೆ ಮಾತ್ರ ಹೋಗಿರತ್ತೆ. ಆ ಒಂದು ಜಾಗ ಬೇರೆ ಥರ ಕಾಣ್ಲಿ ಅಂತ ಅದಕ್ಕೆ ಬೇರೆಯೇ ಮಾಸ್ಕ್ ಪೇಂಟ್ ಮಾಡಿದೀನಿ. ಜೂಮ್ ಮಾಡಿ ನೋಡೋರು ಯಾರೂ ಇಲ್ಲ, ಇರ್ಲಿ.

ಬೆಳಕಿನ ವಿಷ್ಯ ಜಾಸ್ತಿ ಹೇಳಲ್ಲ. ಕಿಟಕಿ ಗಾಜು ಅರ್ಧಕ್ಕೆ ಮಂಜು ಗಾಜು, ಹೊರಗೆ ಮೋಡ, ಒಳಗೆ 6500 ಕೆಲ್ವಿನ್ ಟ್ಯೂಬ್‌ಲೈಟು, ಟೇಬಲ್ ಕಾಲ್ಕಡೆಗೆ ಫೋಕಸ್ ಲ್ಯಾಂಪು. ಮೂಲೆಲಿ ಮಲೆನಾಡಿನ ಥಂಡಿ ಹಿಡಿದ ಗೋಡೆ ಕಲೆ ಹಾಕೋ ಆಸೆ ತುಂಬ ಇತ್ತು, ನೋಡಕ್ಕೆ ಸಖತ್ತಾಗಿರತ್ತೆ, ಆದ್ರೆ ಕಲಿಯೋರಿಗೆ ಬೂಷ್ಟು ಹಿಡ್ದ ಲೇಬರ್ ರೂಮೇ ಸರಿ ಅಂತ ತೋರಿಸ್ದಂಗಾಗತ್ತೆ ಅಂತ ಬಿಟ್ಟೆ. ರಕ್ತನೂ ಹಾಕಿಲ್ಲ. ಕಸದ ಬುಟ್ಟಿಗಳು ಮಾತ್ರ ಬಣ್ಣ ಸಮೇತ ಕರೆಕ್ಟಾಗಿವೆ, ಆಸ್ಪತ್ರೆ ಕಸದ 2016ರ ನಿಯಮದ ಪ್ರಕಾರ ಮಾಸು ಹಳದಿಗೆ, ಗ್ಲೌಸು ಕೆಂಪಿಗೆ, ಗಾಜು ನೀಲಿಗೆ, ಸೂಜಿ ತೂತು ಬೀಳದಿರೋ ಬಿಳಿ ಡಬ್ಬಕ್ಕೆ.

ಗಡಿಯಾರ ಸೆಕೆಂಡಿನ ಮುಳ್ಳಿರೋದೇ ಆಗ್ಬೇಕು ಅಂತ ಚಿಕ್ಕಮ್ಮನ ಆರ್ಡರ್ರು, ಅದೂ ಆ ಚುಕ್ಕೆಲಿ ನಿಂತು ತಲೆ ಎತ್ತಿದ್ರೆ ಕಾಣ್ಬೇಕು. ಹುಟ್ಟಿದ ಟೈಮ್ ಬರೀಬೇಕು, 1 ನಿಮಿಷಕ್ಕೆ ಒಂದ್ಸಲ 5 ನಿಮಿಷಕ್ಕೆ ಒಂದ್ಸಲ ಆಪ್ಗಾರ್ ಸ್ಕೋರ್, ಅಂದ್ರೆ ಮಗು ಹೆಂಗಿದೆ ಅನ್ನೋ ಅಂಕ, ನೋಡ್ಬೇಕು. ನಾನು ಅದನ್ನ ಬಾಗಿಲ ಮೇಲೆ ಇಡೋಣ, ಕಂಪೋಸಿಷನ್ನಿಗೆ ಚಂದ ಅಂದೆ. "ಬಾಗ್ಲು ನನ್ನ ಬೆನ್ನಿಗೆ ಇರತ್ತೆ ಕಣೋ" ಅಂದ್ರು, ಅಲ್ಲಿಗೆ ಚರ್ಚೆ ಮುಗೀತು.

ಈಗ ತಲೆ ತಿಂತಿರೋದು ಗೋಡೆ ಮೇಲಿನ ಪೋಸ್ಟರ್. ಕೈ ತೊಳೆಯೋ ಕ್ರಮ, ಮಗು ಉಸಿರಾಡದಿದ್ರೆ ಏನ್ಮಾಡ್ಬೇಕು, ಇವೆಲ್ಲ ಕನ್ನಡದಲ್ಲೇ ಇರ್ಬೇಕು ಅಂತ ನನ್ನ ಹಠ. ಬ್ಲೆಂಡರ್ ಟೆಕ್ಸ್ಟಲ್ಲಿ ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಎಲ್ಲ ಬಿಚ್ಕೊಂಡು ಸಾಲಲ್ಲಿ ನಿಂತಿರತ್ತೆ, "ಆಸ್ಪತ್ರೆ" ಅನ್ನೋದು ಓದಕ್ಕೇ ಬರಲ್ಲ. ಇಂಕ್‌ಸ್ಕೇಪಲ್ಲಿ ಬರ್ದು ಪಿಎನ್‌ಜಿ ಮಾಡಿ ಟೆಕ್ಸ್ಚರ್ ಥರ ಅಂಟಿಸ್ತಿದೀನಿ, ಫೋನಲ್ಲಿ ಹತ್ರ ಹೋದ್ರೆ ಅಕ್ಷರ ಮಬ್ಬಾಗತ್ತೆ, ಚಿತ್ರದ ಸೈಜು 2ಕೆ ಇಂದ 4ಕೆ ಮಾಡಿದ್ರೆ ಫೈಲು ಭಾರ. ಪೋಸ್ಟರ್‌ಗಷ್ಟೇ 4ಕೆ ಕೊಟ್ಟು ಇನ್ವರ್ಟರ್ ಬ್ಯಾಟರಿದು 512 ಪಿಕ್ಸೆಲ್ಲಿಗೆ ಇಳಿಸಿದೀನಿ, ಪಾಪ ಅದನ್ನ ಯಾರೂ ಹತ್ರದಿಂದ ನೋಡಲ್ಲ.