ಹತ್ತು ಎಣಿಸುವಷ್ಟು ಹೊತ್ತು

ಪಿಯುಸಿ ಓದುವ ಮಕ್ಕಳು ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿದ್ದು, ಕಲಿಕೆ ನಿಧಾನವಾಗುವ ಸ್ಥಿತಿ) ಇರುವವರ ಕೇಂದ್ರಕ್ಕೆ ಶನಿವಾರದ ಸೇವೆಗೆ ಬಂದಾಗ ಕೇಳುವ ಮೊದಲ ಪ್ರಶ್ನೆ, ಏನು ಕಲಿಸಲಿ ಅಂತ. ಮೊದಲು ನೀವು ಕಲಿಯಬೇಕಾದದ್ದು ಕೈಕಟ್ಟಿ ಕಾಯುವುದನ್ನು. ಒಂದು ಮಾತು ಹೇಳಿದ ಮೇಲೆ ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸಿ. ಬಹಳ ಸಲ ಉತ್ತರ ಬರುವುದು ಏಳಕ್ಕೋ ಎಂಟಕ್ಕೋ. ಮೂರಕ್ಕೇ ನೀವು ಮತ್ತೆ ಹೇಳಿದರೆ ಅವರು ಕೇಳಿಸಿಕೊಂಡದ್ದನ್ನು ಬಿಟ್ಟು ಮೊದಲಿಂದ ಶುರು ಮಾಡಬೇಕಾಗುತ್ತದೆ.

ಕೇಳಿ ನೆನಪಿಟ್ಟುಕೊಳ್ಳುವುದಕ್ಕಿಂತ ನೋಡಿ ನೆನಪಿಟ್ಟುಕೊಳ್ಳುವುದು ಇವರಲ್ಲಿ ಹೆಚ್ಚಿನವರಿಗೆ ಸಲೀಸು. ಕಿವಿಯ ಒಳಗೆ ನೀರು ಕಟ್ಟಿ ಮಂದವಾಗಿ ಕೇಳುವುದೂ ಸಾಮಾನ್ಯ. ಆದ್ದರಿಂದ ಎದುರು ಕೂತು, ಮುಖ ಕಾಣುವಂತೆ ಮಾತಾಡಿ. ನಮ್ಮ ಕನ್ನಡದ ಅಭ್ಯಾಸವೊಂದು ಇಲ್ಲಿ ತೊಡಕು: ‘ಒಳಗೆ ಹೋಗಿ ಲೋಟ ತಂದು ತೊಳೆದು ಮೇಜಿನ ಮೇಲಿಡಿ’ ಅಂತ ಒಂದೇ ಉಸಿರಿಗೆ ನಾಲ್ಕು ಕೆಲಸ ಪೋಣಿಸಿಬಿಡುತ್ತೇವೆ. ಬಹಳ ಸಲ ಅವರ ಕೈಗೆ ಸಿಗುವುದು ಒಂದೋ ಎರಡೋ ಮಾತ್ರ. ‘ಲೋಟ ತನ್ನಿ.’ ತಂದ ಮೇಲೆ, ‘ತೊಳೀರಿ.’ ಅಷ್ಟು ಸಾಕು.

‘ತನ್ನಿ’ ಅಂದದ್ದನ್ನು ಗಮನಿಸಿ. ಇಪ್ಪತ್ತೆಂಟು ವರ್ಷದವರನ್ನು ಹದಿನಾರರ ನೀವು ‘ಪುಟ್ಟಾ, ಬಾರೋ’ ಅನ್ನಬಾರದು. ಅಣ್ಣ, ಅಕ್ಕ, ಬನ್ನಿ, ಹೋಗಿ. ಕೆನ್ನೆ ಹಿಂಡುವುದು ಬೇಡ. ಅಪ್ಪಿಕೊಳ್ಳಲು ಬಂದರೆ ನಗುತ್ತಾ ಕೈಕುಲುಕಿ.

ಮೊದಲ ಕೆಲಸಕ್ಕೆ ನಿಂಬೆ ಪಾನಕ ಒಳ್ಳೆಯದು, ಒಲೆ ಬೇಕಿಲ್ಲ. ಒಂದು ನಿಂಬೆಹಣ್ಣು, ಎರಡು ಲೋಟ ನೀರು, ನಾಲ್ಕು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಥೈರಾಯ್ಡ್ ತೊಂದರೆ, ತೂಕ ಏರುವುದು ಇವರಲ್ಲಿ ಜಾಸ್ತಿ. ಹಾಗಾಗಿ ಸಕ್ಕರೆ ಎಷ್ಟು ಎಂದು, ಜೊತೆಗೆ ಕುಡಿಯುವಾಗ ನೆತ್ತಿಗೇರುತ್ತದೆಯೇ ಎಂದೂ ಮೊದಲೇ ಅಲ್ಲಿನ ಟೀಚರನ್ನು ಕೇಳಿ. ಪ್ರತಿ ಹಂತಕ್ಕೂ ಒಂದು ಫೋಟೊ, ಅದೇ ಅಡುಗೆಮನೆಯಲ್ಲಿ ಅದೇ ಪಾತ್ರೆಗಳನ್ನಿಟ್ಟು ತೆಗೆದದ್ದಾಗಿರಲಿ. ಕಾರ್ಟೂನ್ ಚಿತ್ರದ ಜಗ್ಗಿಗೂ ಎದುರಿಗಿರುವ ಜಗ್ಗಿಗೂ ತಾಳೆಯಾಗದೆ ಕೆಲವರು ಅಲ್ಲೇ ನಿಲ್ಲುತ್ತಾರೆ.

ಕಲಿಸುವುದು ಹಿಂದಿನಿಂದ. ಮೊದಲ ವಾರ ಎಲ್ಲವನ್ನೂ ನೀವು ಮಾಡಿ, ಲೋಟಕ್ಕೆ ಸುರಿಯುವುದನ್ನು ಮಾತ್ರ ಅವರಿಗೆ ಬಿಡಿ. ಅದು ಕೈಗೆ ಹತ್ತಿದ ಮೇಲೆ ಕಲಕುವುದು, ಸುರಿಯುವುದು ಎರಡೂ ಅವರದ್ದು. ಹೀಗಾದರೆ ಪ್ರತಿ ಸಲವೂ ಕೆಲಸ ಮುಗಿಯುವುದು ಅವರ ಕೈಯಲ್ಲೇ, ಕುಡಿಯಲು ಪಾನಕದೊಂದಿಗೆ.

ಎಡವುವ ಜಾಗಗಳಿವೆ. ಸ್ನಾಯುಗಳು ಸಡಿಲ, ಬೆರಳು ಗಿಡ್ಡ, ಆದ್ದರಿಂದ ಹಿಡಿತ ಸಾಲದು. ನಿಂಬೆಯನ್ನು ಮೇಜಿನ ಮೇಲೆ ಒತ್ತಿ ಉರುಳಿಸಿ ಮೆತ್ತಗೆ ಮಾಡಿಕೊಳ್ಳಿ, ಎರಡು ಹಿಡಿಯ ಹಿಂಡುವ ಉಪಕರಣ ಕೊಡಿ. ಪಾತ್ರೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಜಗ್ಗಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಬೇಡ. ಸ್ಟೀಲ್ ಲೋಟದಲ್ಲಿ ಮಟ್ಟ ಕಾಣದೆ ತುಳುಕುತ್ತದೆ, ಪಾರದರ್ಶಕ ಲೋಟಕ್ಕೆ ಎಲ್ಲಿಯವರೆಗೆ ಸುರಿಯಬೇಕೋ ಅಲ್ಲಿ ಕೆಂಪು ಟೇಪ್ ಸುತ್ತಿ. ಸಕ್ಕರೆ ಹಾಕುವಾಗ ಎಣಿಕೆ ತಪ್ಪುತ್ತದೆ. ನಾಲ್ಕು ಹುಣಿಸೆಬೀಜ ಇಡಿ, ಒಂದು ಚಮಚಕ್ಕೆ ಒಂದು ಬೀಜ ಆಚೆ ಸರಿಸಲಿ. ಎಣಿಕೆ ಬಾರದವರಿಗೂ ಇದು ಬರುತ್ತದೆ!

ಎಲ್ಲೋ ನಿಂತರೆ ಕಾಯಿರಿ, ಆಮೇಲೆ ಫೋಟೊ ತೋರಿಸಿ, ಆಮೇಲೆ ಬೇರೊಂದು ಪಾತ್ರೆಯಲ್ಲಿ ನೀವು ಮಾಡಿ ತೋರಿಸಿ. ಅವರ ಕೈ ಹಿಡಿದು ಮಾಡಿಸುವುದು ಕಟ್ಟಕಡೆಗೆ, ಅದೂ ಅವರ ಒಪ್ಪಿಗೆ ಕೇಳಿ.

ನೆಲಕ್ಕೆ ಕೂತು ಏಳಲೊಪ್ಪದಿದ್ದರೆ ‘ಹಟ’ ಎಂದು ಬಗೆಯಬೇಡಿ. ದಣಿವೋ, ಕೇಳಿಸದ್ದೋ, ದಿನಚರಿ ತಟ್ಟನೆ ಬದಲಾದದ್ದೋ ಇರುತ್ತದೆ. ತೋಳು ಹಿಡಿದೆಳೆದರೆ ಸಡಿಲ ಕೀಲಿಗೆ ಪೆಟ್ಟು. ಎರಡು ನಿಮಿಷ ಪಕ್ಕದಲ್ಲಿ ಕೂತು, ‘ಕಲಕೋದಾ, ಸುರಿಯೋದಾ?’ ಎಂದು ಆಯ್ಕೆ ಕೊಡಿ. ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದೂ ಸಾಮಾನ್ಯ, ತಡೆಯಬೇಡಿ.

ಕತ್ತಿನ ವಿಷಯದಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ಕೆಲವರಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಕೀಲು ಸಡಿಲವಿರುತ್ತದೆ. ವೈದ್ಯರು ಒಪ್ಪದೆ ಲಾಗ, ಶೀರ್ಷಾಸನ, ಟ್ರ್ಯಾಂಪೊಲಿನ್ ಬೇಡ. ಹೊಸದಾಗಿ ಕತ್ತುನೋವು, ನಡಿಗೆಯಲ್ಲಿ ಓಲಾಟ, ಕೈಯಲ್ಲಿ ಶಕ್ತಿ ಕುಂದಿದ್ದು, ಬಟ್ಟೆಯಲ್ಲೇ ಮೂತ್ರ ಹೋಗುವುದು ಕಂಡರೆ ಅದೇ ಗಳಿಗೆ ಸಿಬ್ಬಂದಿಗೆ ತಿಳಿಸಿ.

ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರ ಜೊತೆ ಒಬ್ಬರೇ ಇರಬೇಡಿ. ಶೌಚದ ನೆರವು ಸಿಬ್ಬಂದಿಯ ಕೆಲಸ. ಫೋಟೊದಲ್ಲಿರುವವರೂ ಅವರ ಮನೆಯವರೂ ಒಪ್ಪದೆ ಇನ್‌ಸ್ಟಾಗ್ರಾಮ್‌ಗೆ ಫೋಟೊ ಹಾಕಬೇಡಿ.

ಪರೀಕ್ಷೆ ಬಂದು ನಿಲ್ಲಿಸುವುದಾದರೆ ಎರಡು ವಾರ ಮುಂಚೆ ಹೇಳಿ. ಗೋಡೆ ಕ್ಯಾಲೆಂಡರಿನಲ್ಲಿ ನೀವು ಬರುವ ಶನಿವಾರಗಳಿಗೆ ನಿಮ್ಮ ಫೋಟೊ, ಮುಂದಿನವಕ್ಕೆ ಹೊಸಬರ ಫೋಟೊ ಅಂಟಿಸಿ. ಅಂಟಿಸುವುದು ಅವರ ಕೈಯಿಂದಲೇ ಆಗಲಿ.