ಉಜ್ಜಿದರೆ ಸಾಕಲ್ವಾ ಸಿಸ್ಟರ್?

"ಮನಾಲಿಗೆ ಹೋಗ್ತಿದ್ದೀವಿ. ಮಗು ಕೈ ಮರಗಟ್ಟಿದರೆ ಚೆನ್ನಾಗಿ ಉಜ್ಜಿದರೆ ಸಾಕಲ್ವಾ ಸಿಸ್ಟರ್?"

ನಾನು ಮಕ್ಕಳ ವಾರ್ಡಿನ ನರ್ಸ್. ಡಿಸೆಂಬರ್ ಬಂತೆಂದರೆ ಇದೇ ಪ್ರಶ್ನೆ. ಮುಂಬಯಿಯ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಮುಗಿಸಿ ಚಪ್ಪಲಿ ಹುಡುಕುವಾಗಲೂ ಬಿಡುವುದಿಲ್ಲ.

ಸಾಕಲ್ಲ. ಉಜ್ಜಲೇಬೇಡಿ. ಫ್ರಾಸ್ಟ್‌ಬೈಟ್ ಅಂದರೆ ಚರ್ಮದೊಳಗಿನ ನೀರೇ ಹೆಪ್ಪುಗಟ್ಟುವುದು. ಉಜ್ಜಿದರೆ ಪೆಟ್ಟು ಜಾಸ್ತಿಯಾಗುತ್ತದೆ. ಆ "ಸಾಕಲ್ವಾ" ಕೇಳಿದರೇ ನನಗೆ ಸಿಟ್ಟು. ಉತ್ತರ ಇಟ್ಟುಕೊಂಡೇ ಬಂದಿರುತ್ತಾರೆ, ನಾನು ಹೂಂ ಅನ್ನಬೇಕಷ್ಟೆ.

ಡೊಂಬಿವಲಿಯ ಒಂದು ಹುಡುಗಿ, ನಾಲ್ಕು ವರ್ಷ. ಉಣ್ಣೆಯ ಗ್ಲೌಸ್ ಒದ್ದೆಯಾಗಿತ್ತು, ಹಿಮದಾಟದ ಭರದಲ್ಲಿ ಯಾರೂ ನೋಡಿರಲಿಲ್ಲ. ಅಪ್ಪ ಉಜ್ಜಿದರು. ಆಮೇಲೆ ರೂಮ್ ಹೀಟರ್ ಮುಂದೆ ಕೈ ಹಿಡಿದರು. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಮಗು ಅಳಲಿಲ್ಲ, ಕೈ ಸುಟ್ಟಿತು. ನಮ್ಮ ವಾರ್ಡಿಗೆ ಬಂದಾಗ ಬೆರಳ ತುದಿಯಲ್ಲಿ ಗುಳ್ಳೆಗಳು. ಎರಡರಲ್ಲಿ ರಕ್ತ ತುಂಬಿತ್ತು, ಅಂದರೆ ಪೆಟ್ಟು ಆಳದ್ದು.

ಅಪ್ಪನನ್ನು ನಾನು ಬೈಯಲಿಲ್ಲ. 37ರಿಂದ 39 ಡಿಗ್ರಿ ನೀರಿನಲ್ಲಿ ಸುಮಾರು ಅರ್ಧ ಗಂಟೆ ಅದ್ದಬೇಕು, ಮೊಣಕೈಗೆ ಹಿತವಾಗಿರುವಷ್ಟೇ ಬಿಸಿ ಸಾಕು ಅಂತ ಅವರಿಗೆ ಯಾರು ಹೇಳಿದ್ದರು? ಮತ್ತೆ ಹೆಪ್ಪುಗಟ್ಟುವ ಚಳಿಗೆ ಹೋಗುವುದಿದ್ದರೆ ಕರಗಿಸಲೂಬಾರದು, ಮೊದಲು ಆಸ್ಪತ್ರೆಗೆ ಓಡಬೇಕು ಅಂತ?

ಹೆಪ್ಪುಗಟ್ಟಿದ ಕೈ ಕರಗುವಾಗ ಆಗುವ ನೋವು ದೊಡ್ಡವರನ್ನೂ ಅಳಿಸುತ್ತದೆ. ಡ್ರೆಸ್ಸಿಂಗ್ ನೋವೂ ಕಡಿಮೆಯಲ್ಲ. ಅದಕ್ಕೆ ಅರ್ಧ ಗಂಟೆ ಮುಂಚೆಯೇ ನೋವಿನ ಔಷಧಿ ಕೊಡುತ್ತಿದ್ದೆವು. ಮೊದಲು ಅವಳ ಗೊಂಬೆಗೆ ಪಟ್ಟಿ, ಆಮೇಲೆ ಅವಳಿಗೆ. ಬೆರಳು ಬೆರಳಿನ ನಡುವೆ ಗಾಜ್ ಬಟ್ಟೆ ಸಡಿಲವಾಗಿ ಇಡಬೇಕು. "ಇದಕ್ಕೂ ಹಾಸಿಗೆನಾ?" ಅಂತ ಪ್ರತಿ ಬೆರಳಿಗೂ ಕೇಳುತ್ತಿದ್ದಳು. ಹೂಂ ಪುಟ್ಟಾ, ಇದಕ್ಕೂ. ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡುತ್ತಿದ್ದೆ. ನಿದ್ದೆಯಲ್ಲಿ ಜಾರಿದರೆ ಮತ್ತೆ ಎತ್ತಿಡುತ್ತಿದ್ದೆ.

ಮನೆಯವರೆಲ್ಲ ಕೇಳಿದ್ದು ಒಂದೇ: "ಬೆರಳು ಉಳಿಯುತ್ತಾ?" ಅದು ತಿಳಿಯಲು ವಾರಗಳೇ ಬೇಕು. "ಬೆರಳು ಬೆಳೆಯುತ್ತಾ?" ಅಂತ ಯಾರಾದರೂ ಕೇಳಲಿ ಅಂತ ನನಗಿತ್ತು. ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಮೆತ್ತನೆ ಭಾಗವಿರುತ್ತದೆ. ಅದಕ್ಕೆ ಚಳಿ ತಗುಲಿದರೆ, ಮೇಲೆ ಗಾಯ ವಾಸಿಯಾದರೂ ವರ್ಷಗಳ ಮೇಲೆ ಬೆರಳು ಗಿಡ್ಡವಾಗಬಹುದು, ಸೊಟ್ಟಗಾಗಬಹುದು.

ಡಿಸ್ಚಾರ್ಜ್ ದಿನ ಕೇಳದೆಯೇ ಅಮ್ಮನಿಗೆ ಹೇಳಿದೆ. ಅವರು ಈಗ ಆರು ತಿಂಗಳಿಗೊಮ್ಮೆ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಗಳ ಎರಡೂ ಕೈ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಫೋಟೋ ಕಳಿಸುತ್ತಾರೆ. ನಾನು ಮೊದಲು ಬಲಗೈ ಕಿರುಬೆರಳನ್ನೇ ನೋಡುತ್ತೇನೆ.